ಓಡುವವರಿಗೆ ಬಾಗಿಲು ಹಾಕಬೇಡಿ

ಜೋಗೇಶ್ವರಿಯ ನಮ್ಮ ಕನ್ನಡ ಮನೆಗಳಲ್ಲಿ ಈಗ ಭಾನುವಾರ ಬೆಳಗಾದರೆ ಹೊಸದೊಂದು ಜಗಳ. ಮಕ್ಕಳು ಆರೇ ಕಾಲೊನಿಯ ಕಾಡುದಾರಿಗೆ ಓಡಲು ಹೊರಡುತ್ತಾರೆ. ನಾವು ಬಾಗಿಲಿಗೆ ಅಡ್ಡ ನಿಲ್ಲುತ್ತೇವೆ. "ಬೆಟ್ಟ ಗುಡ್ಡದಲ್ಲಿ 50 ಕಿಲೋಮೀಟರು ಓಡುವುದು ಪರದೇಶದವರ ಹುಚ್ಚು, ನಮಗೇಕೆ?" ಎನ್ನುತ್ತೇವೆ. ಹುಡುಗಿಯಾದರೆ ಇನ್ನೊಂದು ಮಾತು: "ನಾಲ್ಕು ಜನ ಏನೆಂದಾರು?"

ಪರದೇಶದ ಹುಚ್ಚು ಎನ್ನುವವರು ನಮ್ಮ ಅಂಚೆಯನ್ನು ನೆನೆಯಲಿ. 1672ರಲ್ಲಿ ಚಿಕ್ಕದೇವರಾಜ ಒಡೆಯರು ಆರಂಭಿಸಿ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ವಿಲೀನವಾದ ಮೈಸೂರು ಅಂಚೆ ಓಟಗಾರರ ಕಾಲ ಮೇಲೆ ನಿಂತಿತ್ತು. ತನ್ನ ಪಾಲಿನ ದಾರಿ ಓಡಿ, ಚೀಲವನ್ನು ಮುಂದಿನವನ ಕೈಗೊಪ್ಪಿಸುವುದು ಅವನ ಕೆಲಸ. ಅವನು ಓಡಿದ್ದು ಇನ್ನೊಬ್ಬರ ಕಾಗದಕ್ಕಾಗಿ.

ಇಂದಿನ ಓಟದ ಮೇಲೆ ನಮ್ಮ ತಕರಾರು ಇರುವುದೇ ಇಲ್ಲಿ. ಮಲೆನಾಡಿನ ಕಾಫಿ ತೋಟಗಳ ನಡುವೆಯೂ ಈಗ ಇಂಥ ಸ್ಪರ್ಧೆಗಳಿವೆ. ದುಬಾರಿ ಶೂ, ಪ್ರವೇಶ ಶುಲ್ಕ, ಕೈಗಡಿಯಾರ ಎಲ್ಲವೂ ಇವೆ. ಜೊತೆಯವನ ಮೇಲೆ ಗಮನವಿದೆಯೇ? ದಾರಿ ಯಾರದೆಂಬ ಅರಿವಿದೆಯೇ?

2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತದ ಬೆಟ್ಟಗಳಲ್ಲಿ 100 ಕಿಲೋಮೀಟರಿನ ಓಟ ನಡೆಯಿತು. ನಡುವೆ ಆಲಿಕಲ್ಲು, ಕೊರೆವ ಗಾಳಿ ಎರಗಿ 172 ಓಟಗಾರರಲ್ಲಿ 21 ಮಂದಿ ಪ್ರಾಣ ಬಿಟ್ಟರು. ಆರು ಮಂದಿಯನ್ನು ಗುಹೆಗೆ ಕರೆದೊಯ್ದು, ಬೆಂಕಿ ಹೊತ್ತಿಸಿ ಉಳಿಸಿದವನು ಝು ಕೆಮಿಂಗ್ ಎಂಬ ಕುರಿಗಾಹಿ. ಸ್ಪರ್ಧೆಯ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಬೆಟ್ಟ ಮಾತ್ರ ಅವನದಾಗಿತ್ತು.

ಆರೇಯಲ್ಲೂ ಆದಿವಾಸಿ ಪಾಡಾಗಳಿವೆ. ನಮ್ಮ ಮಕ್ಕಳು ಓಡುವ ದಾರಿ ಅವರಿಗೆ ನೀರಿನ ದಾರಿ, ಶಾಲೆಯ ದಾರಿ. ಕಿವಿಗೆ ಹಾಡು ತುರುಕಿಕೊಂಡು, ಎದುರು ಬಂದ ಅಜ್ಜಿಗೆ ನಮಸ್ಕಾರ ಹೇಳದೆ ಓಡುವವನಿಗೆ ನಾವು ಬುದ್ಧಿ ಹೇಳಬೇಕು. ಓಡಿದ್ದಕ್ಕಲ್ಲ.

ಇನ್ನು ಹುಡುಗಿಯರ ಮಾತು. ಕತ್ತಲೆಯ ಭಯವಿದೆ, ಚಿರತೆಯಿದೆ, ಕೆಟ್ಟ ಜನರೂ ಇದ್ದಾರೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ಅದೇ ದಾರಿಗೆ ಮಗನನ್ನು ಕಳಿಸಿ ಮಗಳನ್ನು ಅಡಿಗೆಮನೆಗೆ ಕಳಿಸುವುದು ಎಲ್ಲಿಯ ನ್ಯಾಯ? ಭಯಕ್ಕೆ ಮದ್ದು ಜೊತೆ, ಬೀಗವಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮ ಒತ್ತಾಯ: ಹುಡುಗ ಹುಡುಗಿಯರಿಬ್ಬರೂ ಇರುವ ಓಟದ ತಂಡವೊಂದನ್ನು ಕಟ್ಟಿರಿ. ಬೆಳಕು ಹರಿದ ಮೇಲೆಯೇ ಹೊರಡಲಿ. ಹಿರಿಯರಿಬ್ಬರು ಜೊತೆಗಿರಲಿ, ಓಡಲಾಗದಿದ್ದರೆ ನೀರು ಹಿಡಿದು ನಿಲ್ಲಲಿ. ಹಿಂದುಳಿದವರನ್ನು ಬಿಟ್ಟು ಯಾರೂ ಮನೆಗೆ ಬರಬಾರದು. ವಾರ್ಷಿಕ ಕ್ರೀಡಾಕೂಟದಲ್ಲಿ ಮೊದಲು ಬಂದವರಿಗೆ ಕಪ್ಪು ಕೊಡುತ್ತಲೇ ಬಂದಿದ್ದೇವೆ. ಈ ಸಲ ಬಿದ್ದವರಿಗಾಗಿ ನಿಂತವರಿಗೂ ಒಂದು ಕೊಡೋಣ.