ಈಜುಕೊಳಕ್ಕೊಂದು ಮುಚ್ಚಳ

2024ರ ಮಾರ್ಚ್ ತಿಂಗಳಲ್ಲಿ, ನೀರಿನ ಅಭಾವಕ್ಕೆ ಸಿಲುಕಿದ್ದ ಬೆಂಗಳೂರಿನಲ್ಲಿ ಈಜುಕೊಳಗಳಿಗೆ ಕುಡಿಯುವ ನೀರನ್ನು ಬಳಸಕೂಡದೆಂದು ಜಲಮಂಡಲಿಯು ಆಜ್ಞೆ ಮಾಡಿತು. ಆಜ್ಞೆ ಯೋಗ್ಯವಾದುದೇ. ಆದರೆ ಕೊಳವನ್ನು ತುಂಬುವಾಗ ಮಾತ್ರ ನೀರು ವ್ಯಯವಾಗುವುದೆಂದು ನಾವು ತಿಳಿಯಲಾಗದು. ಯಾರೊಬ್ಬರೂ ಈಜದ ದಿನವೂ ಅದು ಕಳೆದುಹೋಗುತ್ತಲೇ ಇರುತ್ತದೆ.

ಮನೆಯಂಗಳದ ಕೊಳವೊಂದು 8 ಮೀಟರ್ ಉದ್ದ, 4 ಮೀಟರ್ ಅಗಲ ಇದೆಯೆನ್ನೋಣ. ಬೇಸಗೆಯ ಬಿಸಿಲಿಗೂ ಒಣಗಾಳಿಗೂ ದಿನಕ್ಕೆ 5 ಮಿಲಿಮೀಟರಿನಷ್ಟು ನೀರು ಆವಿಯಾದರೆ ನಷ್ಟವೆಷ್ಟು? ಚದರ ಮೀಟರಿಗೆ 5 ಲೀಟರಿನಂತೆ 160 ಲೀಟರ್! ಹಳ್ಳಿಯ ಮನೆಗಳಲ್ಲಿ ಒಬ್ಬರಿಗೆ ದಿನಕ್ಕೆ ಕನಿಷ್ಠ ಇಷ್ಟಾದರೂ ದೊರೆಯಲೆಂದು ಜಲಜೀವನ ಮಿಷನ್ ಗೊತ್ತುಪಡಿಸಿರುವುದು 55 ಲೀಟರ್. ಎಂದರೆ, ಸುಮಾರು ಮೂವರಿಗೆ ಸಲ್ಲುವ ನೀರು ಕಣ್ಣಿಗೆ ಕಾಣದಂತೆ ಗಾಳಿಯ ಪಾಲಾಯಿತು.

ಪರಿಹಾರ ಸುಲಭವಾಗಿದೆ. ಈಜು ಮುಗಿದೊಡನೆ ನೀರಿನ ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿದರೆ ಆವಿಯು ಹೊರಹೋಗಲಾರದು; ನಷ್ಟದ ಬಹುಭಾಗ ನಿಲ್ಲುತ್ತದೆ. ಮತ್ತೂ ತಗ್ಗುವಷ್ಟಕ್ಕೆ, ಮಾಳಿಗೆಯಿಂದ ತೊಟ್ಟಿಗಿಳಿಸಿ ಕಾದಿರಿಸಿದ ಮಳೆನೀರು ಒದಗೀತು.

ಕೊಳವನ್ನು ಕಟ್ಟಿಸುವುದು ಒಡೆಯನ ಹಕ್ಕಿರಬಹುದು. ಅದನ್ನು ಮುಚ್ಚಿಡುವುದು ನೆರೆಹೊರೆಗೆ ಅವನು ಸಲ್ಲಿಸಬೇಕಾದ ಋಣವೆಂದು ನಾವು ಭಾವಿಸುತ್ತೇವೆ.