ಖಡ್ಗ ಹಿಡಿದವನು ಕೇಳಿದ ಕಥೆ

ಭಯದ ಹಳೆಯ ಕಥೆಗಳನ್ನು ದನಿಯೆತ್ತಿ ಓದಿ ಕೇಳಿಸುವ ರೂಢಿಗೆ ಈಗ ಮತ್ತೆ ಜೀವ ಬಂದಿದೆ. ಎಡ್ಗರ್ ಅಲನ್ ಪೋ, ಬ್ರಾಮ್ ಸ್ಟೋಕರ್ ಅವರ ಬರವಣಿಗೆಯ ಮೇಲಿನ ಹಕ್ಕುಸ್ವಾಮ್ಯ ತೀರಿ ಎಷ್ಟೋ ಕಾಲವಾಯಿತು. ಯಾರು ಬೇಕಾದರೂ ಓದಿ ಧ್ವನಿಮುದ್ರಿಸಬಹುದು. 2005ರಲ್ಲಿ ಶುರುವಾದ ಲಿಬ್ರಿವಾಕ್ಸ್‌ನ ಸ್ವಯಂಸೇವಕರು ದೆವ್ವದ ಕಥೆಗಳ ಸಂಕಲನಗಳನ್ನೇ ಓದಿ ಹಂಚಿದ್ದಾರೆ. ಕನ್ನಡದಲ್ಲಿಯೂ ಇಂಥದ್ದು ಬೇಕು ಎನ್ನುವವರ ಬಾಯಲ್ಲಿ ಮೊದಲು ಬರುವ ಹೆಸರು ಪೋನದೇ. ಆದರೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಈ ಕೆಲಸ ಯಶೋಧರನ ಕಥೆಯಿಂದಲೇ ಶುರುವಾಗಬೇಕು ಎಂದು ನಮಗೆ ತೋರುತ್ತದೆ.

ಆ ಕಥೆಗೂ ಈ ಸೀಮೆಗೂ ನಂಟು ಹಳೆಯದು. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಮೂರನೆಯ ಕೃಷ್ಣನ ಮಂತ್ರಿ ಭರತನ ಆಶ್ರಯದಲ್ಲಿ 965ರಲ್ಲಿ ಮಹಾಪುರಾಣ ಮುಗಿಸಿದ ಪುಷ್ಪದಂತ, ಭರತನ ಮಗ ನನ್ನನ ಆಶ್ರಯದಲ್ಲಿ ಯಶೋಧರನ ಕಥೆಯನ್ನು ಅಪಭ್ರಂಶದಲ್ಲಿ ಬರೆದದ್ದು ಇಲ್ಲಿಯೇ. 1209ರಲ್ಲಿ ಅದೇ ಕಥೆ ಜನ್ನನ ಕೈಯಲ್ಲಿ ಕನ್ನಡ ಕಾವ್ಯವಾಯಿತು. ಚಂಡಮಾರಿಯ ಗುಡಿ, ಬಲಿಗೆ ತಂದ ಪ್ರಾಣಿಗಳು, ಖಡ್ಗ ಹಿಡಿದ ಮಾರಿದತ್ತ ರಾಜ, ಅವನೆದುರು ಎಳೆತಂದು ನಿಲ್ಲಿಸಿದ ಎಳೆಯರು ಅಭಯರುಚಿ, ಅಭಯಮತಿ. ಅವರು ಹೆದರದೆ ನಿಂತದ್ದು ಕಂಡು ರಾಜ ನೀವು ಯಾರೆಂದು ಕೇಳುತ್ತಾನೆ. ಹುಡುಗ ತಾನು ಯಶೋಧರ ರಾಜನಾಗಿದ್ದ ಹಿಂದಿನ ಜನ್ಮದಿಂದ ಹೇಳತೊಡಗುತ್ತಾನೆ: ಮಾವುತನಿಗೆ ಒಲಿದ ರಾಣಿ, ತಾಯಿಯ ಒತ್ತಾಯಕ್ಕೆ ಕಡಿದ ಹಿಟ್ಟಿನ ಕೋಳಿ, ಅದು ಕೂಗಿಬಿಟ್ಟ ಗಳಿಗೆ, ವಿಷದ ಊಟ, ಆಮೇಲೆ ನವಿಲಾಗಿ ನಾಯಾಗಿ ಜನ್ಮಜನ್ಮಕ್ಕೂ ಘೋರವಾದ ಸಾವು. ಕೇಳುತ್ತ ಕೇಳುತ್ತ ರಾಜನ ಮನಸ್ಸೇ ತಿರುಗುತ್ತದೆ. ಬಲಿ ಕೊಡಲು ಬಂದವನು ಹಿಂಸೆಯನ್ನೇ ಬಿಡುತ್ತಾನೆ. ಭಯದ ಕಥೆ ಕೇಳಿದವನಿಗೆ ಏನಾಗುತ್ತದೆ ಎಂಬುದೇ ಕಥೆಯ ಒಡಲಾಗಿರುವ ಇಂಥ ಕೃತಿಯನ್ನು ಮೌನವಾಗಿ ಓದಿ ಮುಚ್ಚಿಡುವುದು ಅದಕ್ಕೆ ಮಾಡುವ ಅನ್ಯಾಯ. ಕಣ್ಣಲ್ಲಿ ಓದುವವರು ಎದೆ ನಡುಗಿದ ಕಡೆ ಪುಟ ಮಗುಚಬಹುದು. ಕೇಳುವವರಿಗೆ ಆ ದಾರಿಯಿಲ್ಲ. ಕೋಳಿ ಕೂಗುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದು ಓದುವವರ ವಶದಲ್ಲಿರುತ್ತದೆ. ಇಂಗ್ಲಿಷಿನವರಿಗೂ ಇದು ಗೊತ್ತಿತ್ತು: ಎಂ. ಆರ್. ಜೇಮ್ಸ್ ತನ್ನ ಭೂತದ ಕಥೆಗಳನ್ನು ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಗೆಳೆಯರನ್ನು ಕೂರಿಸಿಕೊಂಡು ಓದುತ್ತಿದ್ದ.

ಬಾನಾಮತಿ ಎಂಬ ಮಾಟದ ಹೆಸರೆತ್ತಿದರೆ ಇಂದಿಗೂ ದನಿ ತಗ್ಗುವ ಭಾಗದಲ್ಲಿ ಮತ್ತಷ್ಟು ಭಯ ಬಿತ್ತುವುದೇಕೆ ಎಂಬ ಆಕ್ಷೇಪ ಬರುತ್ತದೆ, ಬರಲೂಬೇಕು. 2019ರ ಡಿಸೆಂಬರಿನ ಸೂರ್ಯಗ್ರಹಣದ ದಿನ ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತರೆಂಬ ಸುದ್ದಿಯನ್ನು ನಾವು ಯಾರೂ ಮರೆಯಬಾರದು. ಆದರೆ ಬಾನಾಮತಿಯ ಭಯ ಬೆಳೆಯುವುದು ಪಿಸುಮಾತಿನಲ್ಲಿ. ಅದನ್ನು ಹೇಳಿದವರು ಯಾರೆಂದು ತಿಳಿಯದು, ಅದು ಎಲ್ಲಿಗೂ ಮುಗಿಯದು, ಕೊನೆಗೆ ಓಣಿಯ ಯಾವಳೋ ಒಬ್ಬ ಹೆಂಗಸಿನ ಕಡೆ ಬೆರಳು ಮಾಡುತ್ತದೆ. ಓದಿದ ಕಥೆಗೆ ಕರ್ತೃವಿದ್ದಾನೆ, ಮೊದಲು ಕೊನೆ ಇದೆ, ಹತ್ತು ಜನ ಒಟ್ಟಿಗೆ ಕೇಳಿ ಎದ್ದು ಮಾತಾಡಿಕೊಳ್ಳುವ ಅವಕಾಶವಿದೆ. ಕಾಯ್ದೆಯೂ ಈ ಭೇದವನ್ನು ಗುರುತಿಸಿದೆ. 2020ರ ಜನವರಿಯಲ್ಲಿ ಜಾರಿಗೆ ಬಂದ, ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕರ್ನಾಟಕದ 2017ರ ಕಾಯ್ದೆ, ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದಿದೆ. ಹರಿಕಥೆ, ಕೀರ್ತನೆ, ಪ್ರವಚನಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಕಾವ್ಯದ ಒಳಗೇ ಇದೆ. ರಾಣಿ ಅಮೃತಮತಿ ಒಲಿದ ಮಾವುತ ಅಷ್ಟವಂಕನ ಸೊಟ್ಟ ಮೈಯನ್ನು ಜನ್ನ ಓದುಗನಿಗೆ ಹೇಸಿಗೆ ಹುಟ್ಟುವಂತೆ ವರ್ಣಿಸುತ್ತಾನೆ. ಅವನ ಕೆಳದರ್ಜೆಯೂ ಆ ಹೇಸಿಗೆಯ ಒಂದು ಭಾಗ. ಹೆಣ್ಣಿನ ಬಯಕೆಯನ್ನೇ ಕೇಡಿನ ಮೂಲವಾಗಿ ಮಾಡುತ್ತಾನೆ. ವಿಕಲಾಂಗ ಮಕ್ಕಳನ್ನು ಮಣ್ಣಲ್ಲಿ ಹೂತ ಜಿಲ್ಲೆಯಲ್ಲಿ ಆ ಪದ್ಯಗಳನ್ನು ರಾಗವೆಳೆದು ಮೆಚ್ಚುಗೆಯಿಂದ ಓದಿದರೆ ಅದು ತಪ್ಪೇ ಸರಿ. ಹಾಗೆಂದು ಅವನ್ನು ಬಿಟ್ಟು ಮುಂದೆ ಹೋಗುವುದೂ ಸಲ್ಲದು, ಏಕೆಂದರೆ ಕಥೆಯ ಉಳಿದ ಅನಾಹುತಕ್ಕೆಲ್ಲ ಬೇರು ಅಲ್ಲಿದೆ. ನಮ್ಮಲ್ಲಿ ಗಮಕಿಯ ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂರುವುದು ಇಂಥ ಹೊತ್ತಿಗೇ. ಪದ್ಯ ಮುಗಿದ ಕೂಡಲೇ ಅವರು ಕೇಳಲಿ: ಈ ಮೈಯನ್ನು ಕಂಡು ಹೇಸಿದವರು ಯಾರು, ಕವಿಯೋ, ರಾಜನೋ, ನಾವೋ? ಮಾವುತನ ಬಾಯಿಂದ ಇದೇ ಕಥೆ ಬಂದಿದ್ದರೆ ಹೇಗಿರುತ್ತಿತ್ತು? ಹೀಗೆ ತಡೆದು ಕೇಳಲು ಸಾಧ್ಯವಾಗುವುದು ಎಲ್ಲರೂ ಕೂಡಿ ಕೇಳುವಾಗಲೇ.

ಹಳಗನ್ನಡ ಯಾರಿಗೆ ತಿಳಿದೀತು ಎಂಬ ಅಳುಕಿಗೆ ಹೆಚ್ಚು ಮಾತು ಬೇಡ. ಶ್ರಾವಣದಲ್ಲಿ ಮಠದ ಪುರಾಣಕ್ಕೂ ಮೊಹರಮ್ಮಿನಲ್ಲಿ ಕರ್ಬಲಾದ ಘೋರವನ್ನು ಹಾಡುವ ರಿವಾಯತ್ ಪದಗಳಿಗೂ ಕಿವಿಗೊಟ್ಟು ಕೂರುವ ಜನ ಇವರು. ವ್ಯಾಖ್ಯಾನ ಇಲ್ಲಿನ ಮಾತಿನಲ್ಲಿರಲಿ. ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿಯೂ ಸೇಡಮ್ಮಿನ ಗಡಿಯೂರುಗಳಲ್ಲಿ ತೆಲುಗೂ ಸೇರಲಿ. ಜನ್ನನ ಯಶೋಧರ ಚರಿತೆಯಲ್ಲಿ ನಾಲ್ಕೇ ಅವತಾರ, ಎಂದರೆ ಅಧ್ಯಾಯ; ಬಹುಪಾಲು ಕಂದಪದ್ಯ. ನಾಲ್ಕು ರಾತ್ರಿ ಸಾಕು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನವೆಂಬ ಹಳೆಯ ವಿದ್ಯಾಕೇಂದ್ರದಲ್ಲಿ ಗ್ರಂಥ ಕಾಯುವ ಸರಸ್ವತೀ ಭಂಡಾರಿಗಳಿದ್ದರೆಂದು 1058ರ ಶಾಸನ ಹೇಳುತ್ತದೆ. ಅದೇ ಪರಂಪರೆಯಲ್ಲಿ ಇಂದಿನ ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳು ಸಂಜೆ ಬಾಗಿಲು ತೆರೆದಿಟ್ಟರೆ ಜಾಗವೂ ಸಿಕ್ಕೀತು. ಧ್ವನಿಮುದ್ರಿಸಿಟ್ಟರೆ ವಾಡಿಯ ಸಿಮೆಂಟ್ ಕಾರ್ಖಾನೆಯ ರಾತ್ರಿಪಾಳಿಯವರೂ ಶಹಾಬಾದಿನ ಕಲ್ಲುಗಣಿಯವರೂ ಬಿಡುವಾದಾಗ ಕೇಳಬಹುದು. ಪೋನ ಸರದಿ ಐದನೆಯ ರಾತ್ರಿಗೆ. ಅವನು 1849ರಲ್ಲೇ ತೀರಿಕೊಂಡ, ಆದರೆ ಅವನನ್ನು ಕನ್ನಡಕ್ಕೆ ತಂದವರ ಹಕ್ಕು ಬೇರೆಯೇ; ನಮ್ಮ ಕಾಯ್ದೆಯಂತೆ ಅದು ಅನುವಾದಕರ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಆದ್ದರಿಂದ ಈ ಐದೂರುಗಳ ಯಾರಾದರೂ ಹೊಸದಾಗಿ ಅನುವಾದಿಸಿ, ಯಾರು ಬೇಕಾದರೂ ಓದಬಹುದೆಂಬ ಒಪ್ಪಿಗೆಯೊಂದಿಗೆ ಕಳಿಸಿಕೊಡಲಿ. ಈ ಪತ್ರಿಕೆ ಅದನ್ನು ಅಚ್ಚು ಹಾಕುತ್ತದೆ.