ರಕ್ತ ಕಡಿಮೆಯಿದ್ದ ಹುಡುಗ

ಕಳೆದ ವಾರ ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದಿದ್ದರು. ಮಗಳು ತಾಲೂಕು ಕ್ರೀಡಾಕೂಟಕ್ಕೆ ಹೆಸರು ಕೊಟ್ಟಿದ್ದಳು. ಉದ್ದ ಜಿಗಿತದಲ್ಲಿ ಗೋಕಾಕದಿಂದ ಮೂಡಲಗಿಯವರೆಗೆ ಅವಳ ಸಮ ಯಾರೂ ಇಲ್ಲವೆಂದು ನನ್ನ ನಂಬಿಕೆ. ಹುಕ್ಕೇರಿಯವರು ಜಗಳಕ್ಕೆ ಬಂದರೆ ಬರಲಿ.

"ಆಪಾ, ಇಕಿ ಹೆಸರು ಹೊಡದು ಹಾಕ್ರಿ. ಮೈಯಾಗ ರಕ್ತ ಕಮ್ಮಿ ಐತಂತ ಡಾಕ್ಟರ್ ಹೇಳ್ಯಾರ. ಓಡಾಕ ಹೋಗಿ ಬಿದ್ದರ ಯಾರು ನೋಡಬೇಕ್ರಿ?"

ತಾಯಿಯ ಹೆದರಿಕೆ ಸುಳ್ಳಲ್ಲ. ಹುಡುಗಿ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ನಾನು ಅವರನ್ನು ಕೂರಿಸಿ, ಚಹಾ ತರಿಸಿ, ಅಮೆರಿಕದ ಹುಡುಗನೊಬ್ಬನ ಕಥೆ ಹೇಳಿದೆ.

ಅವನ ಹೆಸರು ಬಾಬ್ ಮಥಾಯಸ್. ಹುಟ್ಟಿದ್ದು 1930ರಲ್ಲಿ, ಕ್ಯಾಲಿಫೋರ್ನಿಯಾದ ಟುಲೇರಿ ಎಂಬ ಊರಿನಲ್ಲಿ. ನಮ್ಮ ಘಟಪ್ರಭಾ ದಂಡೆಯಂತೆಯೇ ನೀರಾವರಿ ನಂಬಿ ಬದುಕುವ ಒಕ್ಕಲುತನದ ಸೀಮೆ ಅದು. ಬಾಲ್ಯದಲ್ಲಿ ಅವನಿಗೂ ರಕ್ತಹೀನತೆ. ತಂದೆ ಡಾಕ್ಟರ್. ಮಾತ್ರೆ, ಪಥ್ಯದ ಊಟ, ಮಧ್ಯಾಹ್ನದ ಕಡ್ಡಾಯ ನಿದ್ದೆ, ಇದೇ ಅವನ ದಿನಚರಿ. ಆದರೆ ಮನೆಯವರು ಅಂಗಳಕ್ಕೆ ಹೋಗಬೇಡವೆನ್ನಲಿಲ್ಲ.

1948ರಲ್ಲಿ ಅವನ ಶಾಲೆಯ ತರಬೇತುದಾರರು ಡೆಕಥ್ಲಾನ್ ಪ್ರಯತ್ನಿಸು ಎಂದರು. ಎರಡು ದಿನಗಳಲ್ಲಿ ಹತ್ತು ಆಟ. ಮೊದಲ ದಿನ 100 ಮೀಟರ್ ಓಟ, ಉದ್ದ ಜಿಗಿತ, ಗುಂಡು ಎಸೆತ, ಎತ್ತರ ಜಿಗಿತ, 400 ಮೀಟರ್ ಓಟ. ಮರುದಿನ ಹರ್ಡಲ್ಸ್, ಚಕ್ರ ಎಸೆತ, ಕೋಲು ಜಿಗಿತ, ಭರ್ಜಿ ಎಸೆತ, ಕೊನೆಗೆ ದಣಿದ ಕಾಲಿನಲ್ಲೇ 1500 ಮೀಟರ್. ಪ್ರತಿಯೊಂದಕ್ಕೂ ಅಂಕ, ಎಲ್ಲ ಕೂಡಿಸಿ ಗೆಲುವು. ಒಂದರಲ್ಲಿ ಎಲ್ಲರಿಗಿಂತ ಮುಂದಿದ್ದು ಇನ್ನೊಂದರಲ್ಲಿ ಮುಗ್ಗರಿಸಿದರೆ ನಡೆಯದು. (ಒಂದೇ ಬೆಳಿಗ್ಗೆ ರೊಟ್ಟಿ ಬಡಿದು, ಮಕ್ಕಳ ಡಬ್ಬಿ ಕಟ್ಟಿ, ಅತ್ತೆಯ ಔಷಧ ಕೊಟ್ಟು, ನಳದ ನೀರು ಹಿಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಕ ಕೊಡುವವರು ಮಾತ್ರ ನಮ್ಮಲ್ಲಿಲ್ಲ.)

ಹುಡುಗ ಅಲ್ಲಿಯವರೆಗೆ ಭರ್ಜಿ ಎಸೆದವನಲ್ಲ, ಕೋಲು ಹಿಡಿದು ಜಿಗಿದವನೂ ಅಲ್ಲ. ಕೆಲವೇ ತಿಂಗಳಲ್ಲಿ ಆಗಸ್ಟ್ ಬಂತು, ಲಂಡನ್ ಒಲಿಂಪಿಕ್ಸ್ ಬಂತು. ಗುಂಡು ಎಸೆದು ವೃತ್ತದ ಮುಂದಿನಿಂದ ಹೊರಬಂದಾಗ ತಪ್ಪೆಂದು ಬಾವುಟ ಎತ್ತಿದರು. ಹಾಗೊಂದು ನಿಯಮವಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ! ಎರಡನೇ ದಿನ ಮಳೆ. ಅವನ ಚಕ್ರ ಬಿದ್ದ ಜಾಗದ ಗುರುತು ಕಳೆದುಹೋಗಿ, ಅಧಿಕಾರಿಗಳು ಒದ್ದೆ ಹುಲ್ಲಿನಲ್ಲಿ ಬಹಳ ಹೊತ್ತು ಹುಡುಕಾಡಿದರು. ಕತ್ತಲಾಯಿತು. ಭರ್ಜಿ ಎಸೆಯುವಾಗ ಗೆರೆ ಕಾಣಲೆಂದು ಟಾರ್ಚ್ ಹಿಡಿಯಬೇಕಾಯಿತು. ಆಟ ಮುಗಿದಾಗ ರಾತ್ರಿ ಹತ್ತು ದಾಟಿತ್ತು. ಚಿನ್ನ ಅವನದು, ವಯಸ್ಸು 17. ಗೆದ್ದ ಖುಷಿಗೆ ಏನು ಮಾಡುತ್ತೀ ಎಂದು ಕೇಳಿದರೆ, ಗಡ್ಡ ಬೋಳಿಸಲು ಶುರು ಮಾಡಬೇಕೇನೋ ಎಂದನಂತೆ.

1952ರಲ್ಲಿ ಹೆಲ್ಸಿಂಕಿಯಲ್ಲಿ ಮತ್ತೆ ಗೆದ್ದ. ಎರಡು ಬಾರಿ ಈ ಚಿನ್ನ ಗೆದ್ದವರಲ್ಲಿ ಅವನೇ ಮೊದಲಿಗ. ತನ್ನದೇ ಜೀವನದ ಸಿನಿಮಾದಲ್ಲಿ ನಟಿಸಿ ಹಣ ಪಡೆದದ್ದಕ್ಕೆ, ಅಂದಿನ ನಿಯಮದಂತೆ 1956ರ ಒಲಿಂಪಿಕ್ಸ್‌ನ ಬಾಗಿಲು ಮುಚ್ಚಿತು. 1966ರಲ್ಲಿ ಚುನಾವಣೆಗೆ ನಿಂತು ಸಂಸತ್ತಿಗೆ ಆಯ್ಕೆಯಾದರು. 1967ರಿಂದ 1975ರವರೆಗೆ ತಮ್ಮ ಸೀಮೆಯ ಪ್ರತಿನಿಧಿ. ನಮ್ಮ ದೇಶದಲ್ಲೂ ಇಂಥ ಉದಾಹರಣೆಯಿದೆ: 1998ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಓಟಗಾರ್ತಿ ಜ್ಯೋತಿರ್ಮಯಿ ಸಿಕ್ದರ್ 2004ರಲ್ಲಿ ಬಂಗಾಳದಿಂದ ಲೋಕಸಭೆಗೆ ಬಂದರು.

ತಾಯಿಗೆ ಇದ್ಯಾವುದೂ ನಾಟಲಿಲ್ಲ. "ಅವರು ಗಂಡಹುಡುಗ್ರು, ಆಪಾ."

ಆಗ ಹತ್ತಿರದ ಹೆಸರು ತೆಗೆದೆ. ಧಾರವಾಡ ಜಿಲ್ಲೆಯ ಪಶುಪತಿಹಾಳದ ಜೆ.ಜೆ. ಶೋಭಾ. ಹೆಂಗಸರಿಗೆ ಒಲಿಂಪಿಕ್ಸ್‌ನಲ್ಲಿ ಹತ್ತರ ಬದಲು ಏಳು ಆಟಗಳ ಹೆಪ್ಟಾಥ್ಲಾನ್, ಅದೂ 1984ರಿಂದ. 2004ರ ಅಥೆನ್ಸ್‌ನಲ್ಲಿ ಭರ್ಜಿ ಎಸೆಯುವಾಗ ಶೋಭಾರ ಪಾದದ ಕೀಲಿಗೆ ಪೆಟ್ಟಾಯಿತು. ಇನ್ನು ಮುಗಿಯಿತು ಅಂದುಕೊಂಡರೆ, ಕಾಲಿಗೆ ದಪ್ಪ ಪಟ್ಟಿ ಸುತ್ತಿಕೊಂಡು ಬಂದು ಕೊನೆಯ 800 ಮೀಟರ್ ಓಡಿ ಮುಗಿಸಿದರು. ಇದನ್ನು ಕೇಳಿ ಹುಡುಗಿ ತಲೆ ಎತ್ತಿದಳು.

ಸಹೋದರಿಯರೇ, ರಕ್ತಹೀನತೆ ಆ ಒಂದು ಮನೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 19 ವಯಸ್ಸಿನ ನಮ್ಮ ದೇಶದ 100 ಹುಡುಗಿಯರಲ್ಲಿ 59 ಮಂದಿಗೆ ಅದಿದೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ. ಹೊಟ್ಟೆ ತೊಳಸುತ್ತದೆಂದು ಎಷ್ಟೋ ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟವಾದ ಮೇಲೆ ನುಂಗಿದರೆ ಆ ತೊಂದರೆ ಕಡಿಮೆ. ನುಗ್ಗೆ ಸೊಪ್ಪು, ಕಾಳು, ಕಲೇಜಿ ಒಳ್ಳೆಯದು. ಪಲ್ಯಕ್ಕೆ ನಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅದಕ್ಕೆ ಅಡ್ಡಿ. ಆ ದಿನ ಮಧ್ಯಾಹ್ನದ ಊಟವಾದ ಕೂಡಲೇ ತಾಯಿ, ಮಗಳು ಇಬ್ಬರಿಗೂ ನಾನೇ ಚಹಾ ಕುಡಿಸಿದ್ದೆ ಎನ್ನುವುದು ಆಮೇಲೆ ನೆನಪಾಯಿತು.

ಹೆಸರು ಹೊಡೆಯಲಿಲ್ಲ. ಔಷಧ ನಡೆಯಲಿ, ಮತ್ತೊಮ್ಮೆ ರಕ್ತ ಪರೀಕ್ಷೆಯಾಗಲಿ, ಡಾಕ್ಟರ್ ಹೂಂ ಅಂದರೆ ಮಾತ್ರ ಜಿಗಿಯಲಿ ಎಂದು ಒಪ್ಪಂದವಾಯಿತು. ಬುರ್ಖಾ ಸರಿಪಡಿಸಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಕೇಳಿದರು: "ಆ ಹುಡುಗ ಆಮ್ಯಾಲೆ ಇಲೆಕ್ಷನ್ನಾಗ ಸೋಲಲೇ ಇಲ್ಲೇನ್ರಿ?"

ಸೋತರು, 1974ರಲ್ಲಿ. ಆಮೇಲೆ ಅಮೆರಿಕದ ಒಲಿಂಪಿಕ್ ತರಬೇತಿ ಕೇಂದ್ರದ ನಿರ್ದೇಶಕರಾಗಿ ಹುಡುಗ ಹುಡುಗಿಯರ ನಡುವೆ ಕೆಲಸ ಮಾಡಿದರು, 2006ರಲ್ಲಿ ತೀರಿಕೊಂಡರು ಎಂದೆ. ತಾಯಿ ಮಗಳ ಕಡೆ ತಿರುಗಿ, "ಗುಳಿಗಿ ಎಲ್ಲಿಟ್ಟಿ?" ಎಂದು ಕೇಳಿದರು.